ಗಂಟೆಗೆ 10 ಕಿಲೋಮೀಟರ್ ಥ್ರಿಲ್: ಲಾಮಾರ್ಕಸ್ ಥಾಮ್ಸನ್ ಕಥೆ

ಸಂಜೆ ಆರು ಗಂಟೆಗೆ ಬಿಟಿಎಂನಿಂದ ಸಿಲ್ಕ್ ಬೋರ್ಡ್ ಕಡೆ ಆಟೋದಲ್ಲಿ ಹೊರಟರೆ ಎಷ್ಟು ಸ್ಪೀಡ್ ಸಿಗುತ್ತೋ, ಹೆಚ್ಚುಕಡಿಮೆ ಅಷ್ಟೇ ಸ್ಪೀಡ್‌ನಲ್ಲಿ ಓಡುತ್ತಿದ್ದ ಒಂದು ರೈಡ್‌ಗೆ 1884ರಲ್ಲಿ ನ್ಯೂಯಾರ್ಕ್ ಜನ ಮುಗಿಬಿದ್ದಿದ್ದರು. ಗಂಟೆಗೆ ಸುಮಾರು 10 ಕಿಲೋಮೀಟರ್. ಲೂಪ್ ಇಲ್ಲ, ದೊಡ್ಡ ಡ್ರಾಪ್ ಇಲ್ಲ. ಕೂರೋದು ಕೂಡ ಪಕ್ಕಕ್ಕೆ ಮುಖ ಮಾಡಿ, ಪಾರ್ಕಿನ ಬೆಂಚಿನ ಮೇಲೆ ಕೂತ ಹಾಗೆ. ಅದನ್ನು ಕಟ್ಟಿದವರು ಲಾಮಾರ್ಕಸ್ ಅಡ್ನಾ ಥಾಮ್ಸನ್. ರೋಲರ್ ಕೋಸ್ಟರ್ ಪಿತಾಮಹ ಅಂತ ಎಲ್ಲಿ ಹುಡುಕಿದರೂ ಇವರ ಹೆಸರೇ ಬರುತ್ತೆ.

ಪಿತಾಮಹ ಅನ್ನೋ ಈ ಮಾತೇ ನಮ್ಮ ಗ್ಯಾಂಗ್‌ನಲ್ಲಿ ಜಗಳ ತಂದಿದ್ದು. ನಾವು ಅಂದರೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಕಡೆಯಿಂದ ಕಾಲೇಜಿಗೆ ಬರುವ ಆರೇಳು ಕೋಸ್ಟರ್ ಹುಚ್ಚರು. ಪ್ರತಿ ಸಲ ಇಂಟರ್ನಲ್ಸ್ ಹತ್ತಿರ ಬಂದು, ಯಾರಿಗೂ ಬಿಡದಿಗೆ ಹೋಗೋಕೆ ಟೈಮ್ ಇಲ್ಲದಿರುವಾಗಲೇ, ವಂಡರ್‌ಲಾಗೆ ಹೊಸ ಕೋಸ್ಟರ್ ಬರುತ್ತಂತೆ ಅನ್ನೋ ಸುದ್ದಿ ಹುಟ್ಟುತ್ತೆ. ಮೈಸೂರು ರಸ್ತೆಯ ಬಸ್ಸಿನ ಕಿಟಕಿಯಿಂದ ಯಾರೋ ತೆಗೆದ ಮಸುಕು ಫೋಟೋ, ಅದರಲ್ಲಿ ಒಂದೇ ಒಂದು ಕಂಬ. ಅದು ಮೊಬೈಲ್ ಟವರ್ ಕೂಡ ಆಗಿರಬಹುದು. ಆದರೂ ಎರಡು ದಿನ ಅದರ ಮೇಲೆ ಚರ್ಚೆ: ಎತ್ತರ ಎಷ್ಟು, ಇನ್ವರ್ಷನ್ ಎಷ್ಟು, ಲಾಂಚ್ ಇದೆಯಾ, ಇಲ್ವಾ. ಇಂಥ ಒಂದು ಚರ್ಚೆಯಲ್ಲಿ ಥಾಮ್ಸನ್ ಹೆಸರು ಬಂತು. ಅರ್ಧ ಜನ ಹೇಳಿದ್ದು, ಆತ ಏನನ್ನೂ ಕಂಡುಹಿಡಿದವರಲ್ಲ, ಬೇರೆಯವರ ಐಡಿಯಾ ಎತ್ತಿಕೊಂಡ ಬಿಸಿನೆಸ್‌ಮನ್ ಅಂತ. ಇನ್ನರ್ಧ ಜನಕ್ಕೆ ಉತ್ತರ ಗೊತ್ತಿರಲಿಲ್ಲ. ಹಾಗಾಗಿ ಕೂತು ಓದಿದೆವು.

ಥಾಮ್ಸನ್ ಹುಟ್ಟಿದ್ದು 1848ರ ಮಾರ್ಚ್ 8ರಂದು, ಅಮೆರಿಕದ ಓಹಾಯೋ ರಾಜ್ಯದ ಜೆರ್ಸಿ ಅನ್ನೋ ಸಣ್ಣ ಊರಿನಲ್ಲಿ. ಬೆಳೆದಿದ್ದು ಮಿಶಿಗನ್‌ನ ಹಿಲ್ಸ್‌ಡೇಲ್‌ನಲ್ಲಿ. ಕೈಗೆ ಉಳಿ ಸುತ್ತಿಗೆ ಸಿಕ್ಕರೆ ಸಾಕು ಅನ್ನೋ ಹುಡುಗ. 12ನೇ ವಯಸ್ಸಿಗೇ ಅಮ್ಮನಿಗೆ ಬೆಣ್ಣೆ ಕಡೆಯುವ ಯಂತ್ರ, ಅಪ್ಪನಿಗೆ ಎತ್ತಿನ ಗಾಡಿ ಮಾಡಿಕೊಟ್ಟಿದ್ದನಂತೆ. ದೊಡ್ಡವರ ಜೀವನಚರಿತ್ರೆಗಳಲ್ಲಿ ಇಂಥ ಒಂದು ಬಾಲ್ಯದ ಪ್ರಸಂಗ ಇದ್ದೇ ಇರುತ್ತೆ, ಇರಲಿ. ಮುಂದೆ ಇಂಡಿಯಾನಾದ ಎಲ್ಕ್‌ಹಾರ್ಟ್ ಎಂಬ ಊರಲ್ಲಿ ನೆಲೆ ನಿಂತು, ಹೊಲಿಗೆ ಗೆರೆಯೇ ಇಲ್ಲದ ಕಾಲುಚೀಲ ಹೆಣೆಯುವ ಯಂತ್ರ ರೂಪಿಸಿ, ಆ ಕಾಲುಚೀಲದ ವ್ಯಾಪಾರದಲ್ಲೇ ಚೆನ್ನಾಗಿ ದುಡ್ಡು ಮಾಡಿದರು.

ಕೋಸ್ಟರ್‌ಗೂ ಕಾಲುಚೀಲಕ್ಕೂ ಏನು ಸಂಬಂಧ? ಏನೂ ಇಲ್ಲ. ಫ್ಯಾಕ್ಟರಿ ಕೆಲಸದ ಒತ್ತಡಕ್ಕೆ ಅವರ ಆರೋಗ್ಯ ಕೆಟ್ಟಿತು. ಮೂವತ್ತು ದಾಟಿದ ಮನುಷ್ಯ, ಓಡುತ್ತಿರುವ ಬಿಸಿನೆಸ್ ಬಿಟ್ಟು ವಿಶ್ರಾಂತಿ ತಗೊಳ್ಳಲೇಬೇಕಾದ ಸ್ಥಿತಿ. ಕ್ಯಾಂಪಸ್‌ನಲ್ಲಿ ಈಗ ಬರ್ನ್‌ಔಟ್ ಅಂತೀವಲ್ಲ, ಅದೇ ಅನ್ನಿಸುತ್ತೆ. ಆ ಬಿಡುವಿನ ಆಚೆಗೆ ಅವರು ಹಿಡಿದದ್ದು ಪೂರ್ತಿ ಬೇರೆ ದಾರಿ.

ಆ ದಾರಿಯ ಮೂಲ ಒಂದು ಕಲ್ಲಿದ್ದಲು ಗಣಿ. ಪೆನ್ಸಿಲ್ವೇನಿಯಾದ ಮಾಕ್ ಚಂಕ್ ಎಂಬಲ್ಲಿ 1827ರಲ್ಲಿ ಬೆಟ್ಟದ ಮೇಲಿನ ಗಣಿಯಿಂದ ಕೆಳಗೆ ಕಲ್ಲಿದ್ದಲು ಸಾಗಿಸೋಕೆ ಸುಮಾರು 14 ಕಿಲೋಮೀಟರ್ ಉದ್ದದ ರೈಲು ದಾರಿ ಹಾಕಿದ್ದರು. ಎಂಜಿನ್ ಇಲ್ಲ. ತುಂಬಿದ ವ್ಯಾಗನ್‌ಗಳು ಗುರುತ್ವದ ಬಲದಲ್ಲೇ ಜಾರಿಕೊಂಡು ಇಳಿಯುತ್ತಿದ್ದವು. ಖಾಲಿ ವ್ಯಾಗನ್‌ಗಳನ್ನು ಹೇಸರಗತ್ತೆಗಳು ಮೇಲಕ್ಕೆ ಎಳೆಯಬೇಕಿತ್ತು. ಹಾಗಾದರೆ ಹೇಸರಗತ್ತೆಗಳು ಮೊದಲು ಕೆಳಗೆ ಬರೋದು ಹೇಗೆ? ಅವುಗಳಿಗೂ ಒಂದು ವ್ಯಾಗನ್. ಕಲ್ಲಿದ್ದಲಿನ ಜೊತೆಗೇ ಕೂತು ಗಾಳಿ ಕುಡಿಯುತ್ತಾ ಇಳಿಯುತ್ತಿದ್ದವು. ಒಂದು ಸಲ ಆ ಸುಖ ಕಂಡ ಮೇಲೆ ಅವು ಬೆಟ್ಟ ನಡೆದು ಇಳಿಯೋಕೆ ಒಪ್ಪುತ್ತಲೇ ಇರಲಿಲ್ಲ ಅಂತ ಒಂದು ಕಥೆ ಇದೆ. ನಿಜವೋ ಸುಳ್ಳೋ, ಪ್ರಪಂಚದ ಮೊದಲ ಕೋಸ್ಟರ್ ಫ್ಯಾನ್‌ಗಳು ಹೇಸರಗತ್ತೆಗಳು ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೇವೆ.

ಆಮೇಲೆ ಮೇಲಕ್ಕೆಳೆಯೋಕೆ ಸ್ಟೀಮ್ ಎಂಜಿನ್ ಬಂತು. 1870ರ ದಶಕದಲ್ಲಿ ಕಲ್ಲಿದ್ದಲು ಬೇರೆ ದಾರಿ ಹಿಡಿಯಿತು. ಉಳಿದ ಹಳಿಯ ಮೇಲೆ ಟೂರಿಸ್ಟ್‌ಗಳನ್ನು ಕೂರಿಸಿ ದುಡ್ಡು ತಗೊಳ್ಳೋಕೆ ಶುರು ಮಾಡಿದರು. ಬರೀ ಇಳಿಯೋ ಖುಷಿಗಾಗಿ ಜನ ರೈಲು ಹತ್ತಿ ಬರುತ್ತಿದ್ದರು. ಥಾಮ್ಸನ್‌ಗೆ ಸ್ಫೂರ್ತಿ ಇದೇ ರೈಲು ಅಂತ ಕೋಸ್ಟರ್ ಇತಿಹಾಸ ಬರೆದವರು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಮಾಕ್ ಚಂಕ್‌ನಲ್ಲಿ ಬೆಟ್ಟ ದೇವರು ಕೊಟ್ಟಿದ್ದು. ಬೆಟ್ಟ ಇಲ್ಲದ ಕಡೆ ಏನು ಮಾಡೋದು?

ನ್ಯೂಯಾರ್ಕ್‌ನ ಬ್ರೂಕ್ಲಿನ್ ತುದಿಯಲ್ಲಿ ಕೋನಿ ಐಲ್ಯಾಂಡ್ ಅನ್ನೋ ಸಮುದ್ರತೀರ ಇದೆ. ಚಪ್ಪಟೆ ಮರಳು. ಭಾನುವಾರ ಬಂತು ಅಂದರೆ ಊರಿನ ಕೂಲಿಕಾರರು, ಗುಮಾಸ್ತರು, ಸಂಸಾರಸ್ಥರು ರೈಲು ಹಿಡಿದು ಅಲ್ಲಿಗೆ. ಅಲ್ಲಿ ಸಿಗುತ್ತಿದ್ದುದು ಬಿಯರ್, ಜೂಜು, ಕುದುರೆ ರೇಸು, ವೇಶ್ಯಾವಾಟಿಕೆ. ಥಾಮ್ಸನ್ ಚರ್ಚ್ ಬಿಡದ, ಸಂಡೇ ಸ್ಕೂಲ್‌ನಲ್ಲಿ ಪಾಠ ಹೇಳುವ ಪೈಕಿಯ ಮನುಷ್ಯ. ವಾರವಿಡೀ ದುಡಿದವನಿಗೆ ಕುಡಿಯಬೇಡ ಅಂತ ಬುದ್ಧಿ ಹೇಳೋದಕ್ಕಿಂತ, ಕುಡಿತಕ್ಕಿಂತ ಮಜವಾದದ್ದೊಂದನ್ನು ಅದೇ ಬೀದಿಯಲ್ಲಿ, ಅದೂ ಕಡಿಮೆ ದುಡ್ಡಿಗೆ ಕೊಟ್ಟರೆ ಹೇಗೆ ಅನ್ನೋದು ಅವರ ಲೆಕ್ಕ. ಇದು ನಮಗೆ ಮೊದಲು ಸ್ವಲ್ಪ ಬೋರಿಂಗ್ ಅನ್ನಿಸಿತು, ಸತ್ಯವಾಗಲೂ. ನಾವು ಪ್ರೀತಿಸೋ ವಸ್ತು ಒಬ್ಬ ನೀತಿಬೋಧಕನ ಕೈಯಿಂದ ಬಂದಿದ್ದಾ ಅಂತ. ಆಮೇಲೆ ಅನ್ನಿಸಿದ್ದು, ಇದಕ್ಕಿಂತ ಕ್ಲಿಯರ್ ಆದ ಪ್ರಾಬ್ಲಂ ಸ್ಟೇಟ್‌ಮೆಂಟ್ ನಮ್ಮ ಯಾವ ಮಿನಿ ಪ್ರಾಜೆಕ್ಟ್‌ನಲ್ಲೂ ಇಲ್ಲ.

1884ರ ಜೂನ್ 16ರಂದು ಕೋನಿ ಐಲ್ಯಾಂಡ್‌ನಲ್ಲಿ ಅವರ ಸ್ವಿಚ್‌ಬ್ಯಾಕ್ ರೈಲ್ವೇ ಶುರುವಾಯಿತು. ಬೆಟ್ಟ ಇಲ್ಲದ ಕಡೆ ಮರದಲ್ಲೇ ಬೆಟ್ಟ ಕಟ್ಟಿದ್ದರು. ಎತ್ತರ 50 ಅಡಿ, ಅಂದರೆ ನಮ್ಮ ಬನಶಂಕರಿಯ ಐದು ಮಹಡಿ ಪಿಜಿ ಕಟ್ಟಡದಷ್ಟು. ಉದ್ದ 600 ಅಡಿ, ಕ್ರಿಕೆಟ್ ಮೈದಾನದ ಈ ಬೌಂಡರಿಯಿಂದ ಆ ಬೌಂಡರಿಗಿಂತ ಸ್ವಲ್ಪ ಜಾಸ್ತಿ. ಟಿಕೆಟ್ 5 ಸೆಂಟ್.

ಕೆಲಸ ಮಾಡುತ್ತಿದ್ದ ರೀತಿ ಹೀಗೆ. ಎರಡು ತುದಿಯಲ್ಲಿ ಎರಡು ಅಟ್ಟಣೆ, ಮಧ್ಯೆ ಅಕ್ಕಪಕ್ಕ ಎರಡು ಅಲೆಅಲೆಯಾದ ಹಳಿ. ಜನ ಮೆಟ್ಟಿಲು ಹತ್ತಿ ಮೇಲೆ ಹೋಗಿ ಗಾಡಿಯಲ್ಲಿ ಕೂರಬೇಕು. ಗಾಡಿ ಏರಿಳಿತದ ಹಳಿಯ ಮೇಲೆ ಆ ತುದಿಗೆ ಹೋಗುತ್ತೆ. ಆದರೆ ಹೊರಟ ಎತ್ತರಕ್ಕೆ ಅದು ಮತ್ತೆ ಏರಲ್ಲ. ಫಸ್ಟ್ ಇಯರ್ ಫಿಸಿಕ್ಸ್ ನೆನಪು ಮಾಡಿಕೊಳ್ಳಿ: ಪೊಟೆನ್ಶಿಯಲ್ ಎನರ್ಜಿಯಲ್ಲಿ ಒಂದಿಷ್ಟು ಭಾಗ ಫ್ರಿಕ್ಷನ್‌ಗೆ, ಗಾಳಿಗೆ ಹೋಗಿಬಿಟ್ಟಿರುತ್ತೆ. ಹಾಗಾಗಿ ಎಲ್ಲರೂ ಇಳಿಯಬೇಕು. ಕೆಲಸದವರು ಗಾಡಿಯನ್ನು ಕೈಯಿಂದ ತಳ್ಳಿ ಮೇಲೆ ತಂದು ಎರಡನೇ ಹಳಿಗೆ ಹಾಕಬೇಕು. ಜನ ಮತ್ತೆ ಹತ್ತಿ ವಾಪಸ್ ಬರಬೇಕು. ಒಂದು ದಿಕ್ಕಿನ ಪ್ರಯಾಣ ಸುಮಾರು ಒಂದು ನಿಮಿಷ.

15 ಮೀಟರ್ ಎತ್ತರದಿಂದ ಫ್ರಿಕ್ಷನ್ ಇಲ್ಲದೆ ಇಳಿದರೆ ವೇಗ ಗಂಟೆಗೆ 60 ಕಿಲೋಮೀಟರ್ ದಾಟಬೇಕು, 2ಜಿಎಚ್‌ನ ವರ್ಗಮೂಲ ತೆಗೆದು ನೋಡಿ. ಥಾಮ್ಸನ್ ಗಾಡಿ 10ರಲ್ಲೇ ಇತ್ತು, ಯಾಕಂದರೆ ಅವರು ಅಷ್ಟೂ ಎತ್ತರವನ್ನು ಒಂದೇ ಸಲ ಬೀಳಿಸಲಿಲ್ಲ. ಅಲೆಗಳೆಲ್ಲ ತಗ್ಗು. ಆ ಕಾಲದ ಗಾಡಿಯನ್ನು ಹಳಿಯ ಮೇಲೆ ಹಿಡಿದಿಡುತ್ತಿದ್ದದ್ದು ಅದರ ತೂಕ ಮಾತ್ರ. ಜೋರಾಗಿ ದಿಬ್ಬ ಹತ್ತಿಸಿದರೆ ದಿಬ್ಬದ ತುದಿಯಲ್ಲಿ ಗಾಡಿ ಹಳಿ ಬಿಟ್ಟು ಹಾರುವ ಭಯ. ನಮ್ಮ ಗ್ಯಾಂಗ್‌ನವರು ನಕ್ಕಿದ್ದ ಆ 10 ಕಿಲೋಮೀಟರ್ ಹಿಂದೆ ಈ ಲೆಕ್ಕ ಇತ್ತು.

ಇಲ್ಲೊಂದು ಮಾತು. ವಂಡರ್‌ಲಾದ ರೀಕಾಯಿಲ್ ಹತ್ತಿದವರು ಒಮ್ಮೆ ಯೋಚಿಸಿ. ಮೊದಲು ಹಿಮ್ಮುಖವಾಗಿ ಮೇಲಕ್ಕೆ ಎಳೆದು ಬಿಡುತ್ತೆ. ಲೂಪ್‌ಗಳನ್ನು ಸುತ್ತಿ ಆ ತುದಿಯ ಇಳಿಜಾರು ಹತ್ತುತ್ತೆ. ಅಲ್ಲೇ ಕಟಕಟ ಅಂತ ಸದ್ದು ಮಾಡ್ತಾ ಮತ್ತೊಮ್ಮೆ ಮೇಲಕ್ಕೆ ಎಳೆದು, ಅದೇ ದಾರಿಯಲ್ಲಿ ಹಿಂದಕ್ಕೆ ಬಿಡುತ್ತೆ. ಆ ಎರಡನೇ ಎಳೆತ ಯಾಕೆ? ಕಳೆದುಹೋದ ಎನರ್ಜಿ ತುಂಬಿಕೊಡೋಕೆ. 1884ರಲ್ಲಿ ಕೆಲಸದವರು ಹೆಗಲು ಕೊಟ್ಟು ಮಾಡುತ್ತಿದ್ದದ್ದೂ ಇದನ್ನೇ.

ಹಾಕಿದ ಬಂಡವಾಳ ಕೆಲವೇ ವಾರಗಳಲ್ಲಿ ವಾಪಸ್ ಬಂತು. ಕಾಪಿ ಮಾಡುವವರೂ ಅಷ್ಟೇ ಬೇಗ ಬಂದರು. ಅದೇ ವರ್ಷ ಚಾರ್ಲ್ಸ್ ಆಲ್ಕೋಕ್ ಅನ್ನುವವರು ಹಳಿಯ ಎರಡೂ ತುದಿ ಜೋಡಿಸಿ ಸುತ್ತು ಮಾಡಿದರು. ಹೊರಟ ಜಾಗಕ್ಕೇ ಗಾಡಿ ಬರುತ್ತೆ, ಮಧ್ಯೆ ಇಳಿಯೋ ಕೆಲಸವೇ ಇಲ್ಲ. 1885ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲಿಪ್ ಹಿಂಕಲ್ ಜನ ತುಂಬಿದ ಗಾಡಿಯನ್ನೇ ಯಂತ್ರದಿಂದ ಮೇಲಕ್ಕೆ ಎಳೆಸಿದರು, ಮೆಟ್ಟಿಲು ಹತ್ತೋದೂ ತಪ್ಪಿತು. ಥಾಮ್ಸನ್‌ಗೆ ಪೇಟೆಂಟ್ ಮಂಜೂರಾಗಿದ್ದು 1885ರ ಜನವರಿ 20ರಂದು. ಅಷ್ಟು ಹೊತ್ತಿಗೆ ಅವರ ಡಿಸೈನ್ ಹಳೇದಾಗುವ ದಾರಿಯಲ್ಲಿತ್ತು.

ಕೋನಿ ಐಲ್ಯಾಂಡ್ ಬೇಸಿಗೆಯ ಊರು ಅನ್ನೋದು ಇಲ್ಲಿ ಮುಖ್ಯ. ಚಳಿಗಾಲದಲ್ಲಿ ಸಮುದ್ರದ ಗಾಳಿಗೆ ಯಾರೂ ಬರಲ್ಲ, ಅಂಗಡಿಗಳೆಲ್ಲ ಬಂದ್. ಮುಂದಿನ ಬೇಸಿಗೆಗೆ ಹೊಸದು ಕಟ್ಟೋದು, ಹಳೇದು ಕೀಳೋದು ಎಲ್ಲ ಆ ತಿಂಗಳುಗಳಲ್ಲೇ. ವಿದೇಶದ ಕೋಸ್ಟರ್ ಅಭಿಮಾನಿಗಳ ಆಫ್ ಸೀಸನ್ ಗಾಳಿಸುದ್ದಿಗಳಿಗೆ ಇಂದಿಗೂ ಇದೇ ಕಾರಣ, ಗೇಟ್ ಮುಚ್ಚಿದ ಮೇಲೆ ಬೇಲಿಯಾಚೆ ಏನೋ ಏಳುತ್ತಿರುತ್ತೆ. ನಮ್ಮ ಬೆಂಗಳೂರಿಗೆ ಅಂಥ ಚಳಿಗಾಲ ಇಲ್ಲ, ಹಾಗಾಗಿ ಇಂಟರ್ನಲ್ಸ್ ಸೀಸನ್ನೇ ನಮ್ಮ ಆಫ್ ಸೀಸನ್.

ಈಗ ಕಾಪಿ ಆರೋಪಕ್ಕೆ ಬರೋಣ. ನಮ್ಮ ಗ್ಯಾಂಗ್‌ನ ಆ ಅರ್ಧ ಜನ ಹೇಳಿದ್ದರಲ್ಲಿ ಸತ್ಯ ಇದೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಕಡೆ ಮರದ ಎತ್ತರದ ಜಾರುಬಂಡೆಗಳ ಮೇಲೆ ಐಸ್ ಹೆಪ್ಪುಗಟ್ಟಿಸಿ ಜಾರುವ ಆಟ 18ನೇ ಶತಮಾನದಲ್ಲೇ ಜೋರಾಗಿತ್ತು. 1817ರಲ್ಲಿ ಪ್ಯಾರಿಸ್‌ನಲ್ಲಿ ಚಕ್ರದ ಗಾಡಿಗಳು ಬಂದವು. ಅದಕ್ಕೇ ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳಲ್ಲಿ ಇವತ್ತಿಗೂ ರೋಲರ್ ಕೋಸ್ಟರ್ ಅಂದರೆ ರಷ್ಯನ್ ಬೆಟ್ಟ. ರಷ್ಯನ್ನರು ಏನಂತಾರೆ ಗೊತ್ತಾ? ಅಮೆರಿಕನ್ ಬೆಟ್ಟ! ಅಮೆರಿಕದಲ್ಲೇ 1872ರಲ್ಲಿ ಜಾನ್ ಟೇಲರ್, 1878ರಲ್ಲಿ ರಿಚರ್ಡ್ ನುಡ್ಸನ್ ಇಂಥ ಇಳಿಜಾರು ರೈಲಿಗೆ ಪೇಟೆಂಟ್ ಪಡೆದಿದ್ದರು. ನುಡ್ಸನ್ ಅವರ ಎರಡು ಅಲೆಅಲೆ ಹಳಿಯ ಡಿಸೈನ್ ನೋಡಿದರೆ ಥಾಮ್ಸನ್ ಕಟ್ಟಿದ್ದು ಅದನ್ನೇ ಅನ್ನಿಸುವಷ್ಟು ಹತ್ತಿರ. ಆದರೆ ನುಡ್ಸನ್ ಅದನ್ನು ಕಟ್ಟಲಿಲ್ಲ. ಪೇಪರ್ ಮೇಲೆ ಇದ್ದದ್ದು ಪೇಪರ್ ಮೇಲೇ ಉಳಿಯಿತು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಥಾಮ್ಸನ್ ಮೊದಲು ಕಟ್ಟಿ ಸೋತವರ ಪಟ್ಟಿಗೆ ಸೇರುತ್ತಿದ್ದರು. ನಮ್ಮ ಪ್ರಕಾರ ಅವರ ನಿಜವಾದ ಕೆಲಸ ಶುರುವಾಗೋದು ಇಲ್ಲಿಂದ. ಹಿಂಕಲ್‌ಗಿಂತ ಎತ್ತರ, ಆಲ್ಕೋಕ್‌ಗಿಂತ ಫಾಸ್ಟ್ ಮಾಡೋದು ಸುಲಭದ ಉತ್ತರ, ನಾವಾಗಿದ್ದರೆ ಅದನ್ನೇ ಮಾಡುತ್ತಿದ್ದೆವು. ಥಾಮ್ಸನ್ ಜನ ಯಾಕೆ ಬರುತ್ತಾರೆ ಅಂತ ನೋಡಿದರು. ಐದು ಸೆಂಟ್ ಕೊಟ್ಟವನಿಗೆ ಬೇಕಾಗಿದ್ದದ್ದು ವೇಗ ಮಾತ್ರ ಅಲ್ಲ, ತನ್ನ ಊರು, ತನ್ನ ಫ್ಯಾಕ್ಟರಿ ಬಿಟ್ಟು ಬೇರೆಲ್ಲೋ ಹೋಗಿಬಂದ ಅನುಭವ.

1887ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಜೇಮ್ಸ್ ಗ್ರಿಫಿತ್ಸ್ ಜೊತೆ ಸೇರಿ ಸೀನಿಕ್ ರೈಲ್ವೇ ತೆರೆದರು. ಗಾಡಿ ಕತ್ತಲೆ ಸುರಂಗದೊಳಗೆ ನುಗ್ಗುತ್ತೆ. ಹೋಗ್ತಾ ಹೋಗ್ತಾ ಗಾಡಿಯೇ ಹಳಿಯ ಪಕ್ಕದ ಸ್ವಿಚ್ ಒತ್ತುತ್ತೆ, ದೀಪಗಳು ಫಕ್ಕನೆ ಹತ್ತಿಕೊಂಡು ಬಣ್ಣಬಣ್ಣದ ದೃಶ್ಯಗಳು ಕಾಣಿಸುತ್ತವೆ. ಇವತ್ತಿನ ಭಾಷೆಯಲ್ಲಿ ಸೆನ್ಸರ್ ಮತ್ತು ಟ್ರಿಗರ್, ಅಷ್ಟೇ. ಆದರೆ ಕಾಲ ನೋಡಿ. ಎಡಿಸನ್ ನ್ಯೂಯಾರ್ಕ್‌ನಲ್ಲಿ ವಿದ್ಯುತ್ ಕೇಂದ್ರ ತೆರೆದು ಐದೇ ವರ್ಷ. ನಮ್ಮ ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿ ಮೊದಲ ವಿದ್ಯುತ್ ಬೀದಿದೀಪ ಹತ್ತಿದ್ದು 1905ರಲ್ಲಿ. ಎಷ್ಟೋ ಜನಕ್ಕೆ ವಿದ್ಯುತ್ ದೀಪ ಅನ್ನೋದೇ ಅಪರೂಪವಾಗಿದ್ದ ಹೊತ್ತಲ್ಲಿ ಅದು ತಾನು ಹತ್ತಿರ ಬಂದಾಗ ತಾನಾಗೇ ಹತ್ತಿಕೊಂಡರೆ ಹೇಗಾಗಿರಬೇಕು!

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ನಮಗೆಲ್ಲ ಇದರ ಚಿಕ್ಕ ಅನುಭವ ಇದೆ. ಜಾತ್ರೆ ತೊಟ್ಟಿಲು ಎಷ್ಟು ಎತ್ತರ ಅಂತ ಯಾರೂ ಅಳೆಯಲ್ಲ. ಮೇಲೆ ಹೋದಾಗ ಕೆಳಗೆ ಇಡೀ ಬುಲ್ ಟೆಂಪಲ್ ರಸ್ತೆಯ ದೀಪ, ಜನ, ಕಡಲೆಕಾಯಿ ರಾಶಿ ಕಾಣುತ್ತಲ್ಲ, ಅದಕ್ಕೆ ಹತ್ತೋದು.

1888ರ ಹೊತ್ತಿಗೆ ಅಮೆರಿಕ, ಯುರೋಪ್ ಸೇರಿ ಥಾಮ್ಸನ್ ಕಟ್ಟಿದ ರೈಡ್‌ಗಳು ಸುಮಾರು 50. 1895ರಲ್ಲಿ ತಮ್ಮ ಹೆಸರಲ್ಲೇ ಸೀನಿಕ್ ರೈಲ್ವೇ ಕಂಪನಿ ಮಾಡಿದರು. ಜೀವಮಾನದಲ್ಲಿ ಸುಮಾರು 30 ಪೇಟೆಂಟ್.

ಕಂಪನಿ ಮಾಡಿದ ಅದೇ 1895ರಲ್ಲಿ ಕೋನಿ ಐಲ್ಯಾಂಡ್‌ನಲ್ಲಿ ಇನ್ನೊಂದು ಕೋಸ್ಟರ್ ಬಂತು, ಫ್ಲಿಪ್ ಫ್ಲಾಪ್. ಲೀನಾ ಬೀಚರ್ ಎಂಬುವರ ಡಿಸೈನ್, ತಲೆಕೆಳಗಾಗುವ ಲೂಪ್. ನಮ್ಮಂಥವರಿಗೆ ಕೇಳಿದರೇ ರೋಮಾಂಚನ. ಆದರೆ ಆ ಲೂಪ್ ಪಕ್ಕಾ ವೃತ್ತಾಕಾರ. ವೃತ್ತದ ತುದಿಯಲ್ಲಿ ಬೀಳದೆ ದಾಟಲು ಬೇಕಾದ ಕನಿಷ್ಠ ವೇಗ ಹಾಕಿ ಲೆಕ್ಕ ಮಾಡಿದರೆ, ಫ್ರಿಕ್ಷನ್ ಬಿಟ್ಟರೂ, ಬುಡದಲ್ಲಿ ಕೂತವನ ಮೇಲೆ ಬೀಳೋದು ಅವನ ತೂಕದ ಆರು ಪಟ್ಟು. ಫ್ಲಿಪ್ ಫ್ಲಾಪ್‌ನಲ್ಲಿ ಅದು 12 ಪಟ್ಟಿನ ಹತ್ತಿರ ಹೋಗುತ್ತಿತ್ತು ಅಂತ ಅಂದಾಜು. ಜನ ಕತ್ತು ಹಿಡಿದುಕೊಂಡು ಇಳಿಯುತ್ತಿದ್ದರು. ಕಣ್ಣೀರ ಹನಿಯ ಆಕಾರದ ಇಂದಿನ ಲೂಪ್ ಗಟ್ಟಿಯಾಗಿ ನೆಲೆ ನಿಂತದ್ದು 1976ರಲ್ಲಿ, ಜರ್ಮನಿಯ ವರ್ನರ್ ಸ್ಟೆಂಗಲ್ ಲೆಕ್ಕಾಚಾರದಿಂದ. ಆ 80 ವರ್ಷದ ಗ್ಯಾಪ್ ನೋಡಿದಾಗ ಥಾಮ್ಸನ್ ಲೂಪ್ ಗೋಜಿಗೆ ಹೋಗದೆ ಇದ್ದದ್ದು ಅಂಜುಬುರುಕತನ ಅಂತ ನಮಗೆ ಅನ್ನಿಸಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಂದವನು ಮುಂದಿನ ಭಾನುವಾರವೂ ಬರಬೇಕು ಅನ್ನೋದು ಅವರಿಗೆ ಡಿಸೈನ್‌ನ ಮೊದಲ ಷರತ್ತು.

ಇನ್ನೊಂದು ವಿಷಯ ನಮ್ಮ ಗ್ಯಾಂಗ್‌ಗೆ ತುಂಬ ಹಿಡಿಸಿತು. 1891ರಲ್ಲಿ ಥಾಮ್ಸನ್ ಬಳಿ ಕೆಲಸಕ್ಕೆ ಸೇರಿದ ಜಾನ್ ಮಿಲ್ಲರ್‌ಗೆ ಆಗ ಬರೀ 19 ವರ್ಷ. ನಮ್ಮದೇ ವಯಸ್ಸು, ನಾವಿಲ್ಲಿ ಅಟೆಂಡೆನ್ಸ್ ಲೆಕ್ಕ ಹಾಕ್ತಾ ಇದ್ದೇವೆ! ಈ ಮಿಲ್ಲರ್ ಥಾಮ್ಸನ್‌ರ ಚೀಫ್ ಎಂಜಿನಿಯರ್ ಆದರು, ಆಮೇಲೆ ಸ್ವಂತ ದಾರಿ ಹಿಡಿದು 100ಕ್ಕೂ ಹೆಚ್ಚು ಪೇಟೆಂಟ್ ಪಡೆದರು. ಲಿಫ್ಟ್ ಹಿಲ್ ಹತ್ತುವಾಗ ಕಟಕಟ ಸದ್ದು ಮಾಡುವ, ಗಾಡಿ ಹಿಂದಕ್ಕೆ ಜಾರದಂತೆ ತಡೆಯುವ ಕೊಂಡಿ ಇದೆಯಲ್ಲ, ಅದು ಈ ಮಟ್ಟಕ್ಕೆ ಬಂದದ್ದು ಅವರಿಂದ. ಅದಕ್ಕಿಂತ ದೊಡ್ಡದು ಹಳಿಯ ಕೆಳಗಿನ ಚಕ್ರ. ಗಾಡಿಯ ಚಕ್ರ ಹಳಿಯ ಮೇಲೆ ಮಾತ್ರ ಇದ್ದರೆ ಹಾರುವ ಭಯ ಅಂದೆವಲ್ಲ, ಮಿಲ್ಲರ್ ಹಳಿಯ ಕೆಳಗೂ ಒಂದು ಚಕ್ರ ಕೊಟ್ಟು ಗಾಡಿಯನ್ನು ಹಳಿಗೆ ಕಚ್ಚಿಸಿಬಿಟ್ಟರು. ಆ ಪೇಟೆಂಟ್ 1919ರದ್ದು. ಕಡಿದಾದ ಡ್ರಾಪ್, ಸೀಟಿನಿಂದ ಮೇಲೇಳಿಸುವ ಏರ್‌ಟೈಮ್, ಆಮೇಲಿನ ಎಲ್ಲ ಹುಚ್ಚಾಟ ಸಾಧ್ಯವಾದದ್ದು ಈ ಚಕ್ರದಿಂದ.

ಅದೇ 1919ರ ಮೇ 8ರಂದು ಥಾಮ್ಸನ್ ನ್ಯೂಯಾರ್ಕ್ ಬಳಿಯ ಗ್ಲೆನ್ ಕೋವ್‌ನಲ್ಲಿ ತೀರಿಕೊಂಡರು. ವಯಸ್ಸು 71. ತಾವು ಕೈಹಾಕದ ವೇಗದ ಯುಗವನ್ನು ತಮ್ಮ ಬಳಿಯೇ ಕೆಲಸ ಕಲಿತ ಹುಡುಗ ಶುರು ಮಾಡುವಾಗ ಅವರು ಇರಲಿಲ್ಲ.

ಗ್ಯಾಂಗ್‌ನ ಜಗಳ ಪೂರ್ತಿ ಮುಗಿದಿಲ್ಲ. ಮೊದಲು ಯೋಚಿಸಿದವರು ಅವರಲ್ಲ ಅಂತ ಈಗ ಎಲ್ಲರೂ ಒಪ್ಪಿದ್ದೇವೆ. ಪಿತಾಮಹ ಅನ್ನಬಹುದಾ ಅಂದರೆ, ಅನ್ನಬಹುದು ಅನ್ನೋರು ಈಗ ಐದು ಜನ. ಇಬ್ಬರು ಇನ್ನೂ ಮಿಲ್ಲರ್ ಪಾರ್ಟಿ.

ಸ್ವಿಚ್‌ಬ್ಯಾಕ್ ಈಗ ಎಲ್ಲೂ ಇಲ್ಲ. ಆದರೆ ಥಾಮ್ಸನ್ ಕಾಲದ ಸೀನಿಕ್ ರೈಲ್ವೇ ಹತ್ತಬೇಕು ಅಂದರೆ ಒಂದು ದಾರಿ ಇದೆ, ಮೆಲ್ಬರ್ನ್‌ನಲ್ಲಿ ಅಣ್ಣನೋ ಅಕ್ಕನೋ ಇರುವವರು ಗಮನಿಸಿ. ಅಲ್ಲಿನ ಸೇಂಟ್ ಕಿಲ್ಡಾದ ಲೂನಾ ಪಾರ್ಕ್‌ನಲ್ಲಿ 1912ರ ಡಿಸೆಂಬರ್‌ನಲ್ಲಿ ಶುರುವಾದ ಮರದ ಸೀನಿಕ್ ರೈಲ್ವೇ ಇವತ್ತಿಗೂ ಓಡುತ್ತಿದೆ. ಹಳಿಯಲ್ಲಿ ಬ್ರೇಕ್ ಇಲ್ಲ, ಕಂಪ್ಯೂಟರ್ ಇಲ್ಲ. ಗಾಡಿಗಳ ನಡುವೆ ಬ್ರೇಕ್‌ಮನ್ ಒಬ್ಬರು ನಿಂತಿರುತ್ತಾರೆ, ಕೈಯಲ್ಲೊಂದು ಉದ್ದನೆಯ ಲಿವರ್. ಮೇಲಿನ ತಿರುವಿನಲ್ಲಿ ಸಮುದ್ರ ಕಾಣುತ್ತೆ. ಆಮೇಲೆ ಅವರು ಲಿವರ್ ಸಡಿಲ ಬಿಡುತ್ತಾರೆ.